ಕ್ಯಾಮೆರಾ ಬಿಚ್ಚಿ ಅಳೆದರೆ ಎಲ್ಲ ಕಡೆಯೂ 12 ವೋಲ್ಟೇ

‘ಹಗಲೆಲ್ಲ ಚೆನ್ನಾಗಿ ಬರುತ್ತೆ ಸಾರ್, ಕತ್ತಲಾದ ಮೇಲೆ ಗೇಟ್ ಕ್ಯಾಮೆರಾ ಹೋಗುತ್ತೆ.’ ಹಳೇ ಅನಲಾಗ್ ಕ್ಯಾಮೆರಾಗಳನ್ನು ಲ್ಯಾನ್ ಕೇಬಲ್ ಮೇಲೆ, ಚಿತ್ರ ರೆಕಾರ್ಡ್ ಮಾಡುವ ಡಿವಿಆರ್‌ಗೆ ಎಳೆದಿರುವ ಕಡೆ ಕೇಳಿಬರುವ ದೂರು ಇದೇ. ಶ್ರೀನಿವಾಸಪುರದ ಮಾವಿನ ಮಂಡಿ ಇರಲಿ, ಕೋಲಾರದ ಟೊಮೆಟೊ ಮಂಡಿ ಇರಲಿ, ಮಾಲೂರು ಕಡೆಯ ಕೋಳಿ ಫಾರಂ ಇರಲಿ, ಮಾತು ಒಂದೇ. ಲಾರಿ ಬರೋದು ರಾತ್ರಿ, ಲೋಡ್ ಇಳಿಯೋದು ರಾತ್ರಿ. ನೋಡಬೇಕಾದ ಹೊತ್ತಿನಲ್ಲೇ ಪರದೆ ಕಪ್ಪು.

ನಮ್ಮನ್ನು ಕರೆಯುವಷ್ಟರಲ್ಲಿ ಕ್ಯಾಮೆರಾ ಒಂದು ಸಲ ಬದಲಾಗಿರುತ್ತದೆ, ಬಲೂನ್ (ಕ್ಯಾಮೆರಾದ ವಿಡಿಯೋ ಸಿಗ್ನಲನ್ನು ಲ್ಯಾನ್ ಕೇಬಲ್‌ಗೆ ಹೊಂದಿಸುವ ಸಣ್ಣ ಸಾಧನ) ಎರಡು ಸಲ. ಕೆಲವು ಕಡೆ ಡಿವಿಆರ್ ಕೂಡ. ಪವರ್ ನೋಡಿದಿರಾ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಮೀಟರ್ ಇಟ್ಟು ನೋಡಿದೀವಿ, ಕ್ಯಾಮೆರಾ ಹತ್ತಿರ ಪಕ್ಕಾ 12 ಬರ್ತಿದೆ.’ ಈ ಒಂದು ವಾಕ್ಯಕ್ಕಾಗಿಯೇ ಇದನ್ನು ಬರೆಯುತ್ತಿರುವುದು. ಆ 12 ನಿಜವಾದ 12 ಅಲ್ಲ. ಕ್ಯಾಮೆರಾದ ಪಿನ್ ಕಿತ್ತು, ಖಾಲಿ ತಂತಿಗೆ ಮೀಟರ್ ಹಿಡಿದು ನೋಡಿದ 12 ಅದು.

ನಮ್ಮ ಕಡೆ ಹನಿ ನೀರಾವರಿ ಗೊತ್ತಿಲ್ಲದವರಿಲ್ಲ, ಅದನ್ನೇ ನೆನೆಸಿಕೊಳ್ಳಿ. ಲ್ಯಾಟರಲ್ ಪೈಪಿನ ಡ್ರಿಪ್ಪರ್‌ಗಳನ್ನೆಲ್ಲ ಮುಚ್ಚಿ ತುದಿಯಲ್ಲಿ ಗೇಜ್ ಇಟ್ಟರೆ ಪಂಪಿನ ಹತ್ತಿರ ಇರುವಷ್ಟೇ ಪ್ರೆಶರ್ ತೋರಿಸುತ್ತದೆ, ಯಾಕೆಂದರೆ ನೀರು ಹರಿಯುತ್ತಿಲ್ಲ. ಎಲ್ಲ ಡ್ರಿಪ್ಪರ್ ತೆರೆದು ನೋಡಿ, ಕೊನೇ ಗಿಡಕ್ಕೆ ತೊಟ್ಟಿಕ್ಕುವುದೂ ಕಷ್ಟ. ಪೈಪ್ ಸಣ್ಣದಾದಷ್ಟೂ, ಉದ್ದವಾದಷ್ಟೂ ಹೀಗೆ. ತಂತಿಯಲ್ಲೂ ಅಷ್ಟೇ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಬೀಳುವುದಿಲ್ಲ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. 50 ಮೀಟರ್ ತುದಿಯಲ್ಲೂ 12, 200 ಮೀಟರ್ ತುದಿಯಲ್ಲೂ 12 ತೋರಿಸುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಒಳ್ಳೆಯ ಲ್ಯಾನ್ ಕೇಬಲ್‌ನ ಒಂದೊಂದು ಎಳೆ 24 ಗೇಜಿನ ತಾಮ್ರ. 100 ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 8.4 ಓಂ ತಡೆ. ಗೇಟ್ 50 ಮೀಟರ್ ದೂರ ಇದ್ದರೆ ಪ್ಲಸ್ ಹೋಗುವುದು 50, ಮೈನಸ್ ವಾಪಸ್ ಬರುವುದು 50, ಒಟ್ಟು 100 ಮೀಟರ್ ತಂತಿ. ಈ ವಾಪಸ್ ದಾರಿಯನ್ನು ಮರೆಯುವವರೇ ಜಾಸ್ತಿ. ಪವರ್‌ಗೆ ಒಂದೇ ಜೋಡಿ (ಪ್ಲಸ್‌ಗೆ ಒಂದು ಎಳೆ, ಮೈನಸ್‌ಗೆ ಒಂದು) ಬಳಸಿದ್ದರೆ ದಾರಿಯ ತಡೆ 8.4 ಓಂ. ಹಗಲಲ್ಲಿ ಐಆರ್ ಎಲ್ಇಡಿ, ಅಂದರೆ ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲೇ ಇರುವ ಇನ್‌ಫ್ರಾರೆಡ್ ದೀಪಗಳು, ಆರಿರುವಾಗ ಕ್ಯಾಮೆರಾ 150 ಮಿಲಿ ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 0.15 ಗುಣಿಸು 8.4, ಅಂದರೆ ದಾರಿಯಲ್ಲಿ ಬೀಳುವುದು 1.26 ವೋಲ್ಟ್. ಕ್ಯಾಮೆರಾಗೆ 10.7 ಸಿಗುತ್ತದೆ, ಚಿತ್ರ ಬರುತ್ತದೆ. ಕತ್ತಲಾಗಿ ಎಲ್ಇಡಿಗಳು ಹೊತ್ತಿಕೊಂಡರೆ ಅದೇ ಕ್ಯಾಮೆರಾ 400 ಮಿಲಿ ಆಂಪಿಯರ್ ಕೇಳಬಹುದು. 0.4 ಗುಣಿಸು 8.4 ಅಂದರೆ 3.36. ಉಳಿಯುವುದು 8.6 ವೋಲ್ಟ್. ಕ್ಯಾಮೆರಾ ಸಾಯುತ್ತದೆ. ಸತ್ತ ಕೂಡಲೇ ಕರೆಂಟ್ ಎಳೆಯುವುದು ನಿಲ್ಲುತ್ತದೆ, ವೋಲ್ಟೇಜ್ ಮತ್ತೆ 12ಕ್ಕೆ ಏರುತ್ತದೆ, ಕ್ಯಾಮೆರಾ ಮತ್ತೆ ಎದ್ದು ಕೂರುತ್ತದೆ, ಕತ್ತಲು ಕಂಡು ಎಲ್ಇಡಿ ಹಚ್ಚುತ್ತದೆ, ಮತ್ತೆ ಸಾಯುತ್ತದೆ. ಮುಸ್ಸಂಜೆ ಹೊತ್ತಿನಲ್ಲಿ ಅದರ ಕೆಳಗೆ ಎರಡು ನಿಮಿಷ ನಿಂತು ನೋಡಿ. ಎಲ್ಇಡಿಗಳ ಮಂಕು ಕೆಂಪು ಬಂದು ಹೋಗುತ್ತಿರುತ್ತದೆ. ಹಗಲು-ರಾತ್ರಿಗೆ ತಕ್ಕಂತೆ ಜಾಗ ಬದಲಿಸುವ ಒಳಗಿನ ಫಿಲ್ಟರ್ ಆಚೆಗೂ ಈಚೆಗೂ ಸರಿಯುವ ಟಿಕ್, ಟಿಕ್ ಸದ್ದು ಕೇಳಿಸುತ್ತದೆ. ಡಿವಿಆರ್‌ನ ಲಾಗ್ ತೆಗೆದರೆ ಆ ಚಾನೆಲ್‌ಗೆ ‘ವಿಡಿಯೋ ಲಾಸ್’ ಸಾಲುಸಾಲಾಗಿ, ಸಂಜೆಯಿಂದ ಬೆಳಗಿನವರೆಗೆ ಮಾತ್ರ ಇರುತ್ತದೆ. ಇಷ್ಟು ಕಂಡ ಮೇಲೂ ಹೊಸ ಕ್ಯಾಮೆರಾ ತರಲು ಅಂಗಡಿಗೆ ಹೋಗುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಸರಿಯಾಗಿ ಅಳೆಯುವುದು ಹೀಗೆ. ಕ್ಯಾಮೆರಾ ಬಿಚ್ಚಬೇಡಿ. ತುದಿಯಲ್ಲಿ ಸ್ಕ್ರೂ ಇರುವ ಹಸಿರು ಡಿಸಿ ಪಿನ್ ಹಾಕಿದ್ದರೆ ಆ ಎರಡು ಸ್ಕ್ರೂ ತಲೆಗಳ ಮೇಲೆ ಮೀಟರಿನ ಮೊನೆ ಇಡಿ. ಕ್ಯಾಮೆರಾ ಓಡುತ್ತಿರಲಿ. ಇನ್ನೊಬ್ಬರು ಅಂಗೈಯಿಂದ ಕ್ಯಾಮೆರಾದ ಮುಖವನ್ನು ಪೂರ್ತಿ ಮುಚ್ಚಲಿ, ಲೆನ್ಸೂ ಬೆಳಕಿನ ಸೆನ್ಸರೂ ಎರಡೂ ಮುಚ್ಚಬೇಕು. ಅಂಗೈ ಸಾಲದಿದ್ದರೆ ಕಪ್ಪು ಟೇಪ್ ಹಚ್ಚಿ. ಕೆಲವು ಸೆಕೆಂಡಿನಲ್ಲಿ ಎಲ್ಇಡಿ ಹೊತ್ತುತ್ತದೆ. ಆಗ ಮೀಟರ್ ತೋರಿಸುವುದೇ ನಿಮ್ಮ ವೋಲ್ಟೇಜ್. ಕ್ಯಾಮೆರಾದ ಲೇಬಲ್ ಮೇಲೆ 12 ವೋಲ್ಟ್, ಹತ್ತು ಪರ್ಸೆಂಟ್ ಹೆಚ್ಚುಕಡಿಮೆ ಅಂತ ಇದ್ದರೆ 10.8ರ ಕೆಳಗೆ ಬೀಳಬಾರದು. ಕೆಲವು ಕ್ಯಾಮೆರಾಗಳು ಅದಕ್ಕಿಂತ ಕೆಳಗೂ ಏಗುತ್ತವೆ, ಆದರೆ ಅದನ್ನು ನಂಬಿಕೊಂಡು ಕೇಬಲ್ ಎಳೆಯಬಾರದು.

ಇನ್ನು ಪರಿಹಾರ. ಲ್ಯಾನ್ ಕೇಬಲ್‌ನಲ್ಲಿ ಜೋಡಿ ಇರುವುದು ನಾಲ್ಕು. ವಿಡಿಯೋಗೆ ಒಂದು ಸಾಕು, ಉಳಿದ ಮೂರನ್ನೂ ಪವರ್‌ಗೆ ಕೊಡಿ. ನೀಲಿ ಮತ್ತು ಅದರ ಜೊತೆಯ ಬಿಳಿ-ನೀಲಿ ವಿಡಿಯೋಗೆ. ಕಿತ್ತಳೆ, ಹಸಿರು, ಕಂದು ಈ ಮೂರು ಬಣ್ಣದ ಎಳೆಗಳು ಒಟ್ಟಿಗೆ ಪ್ಲಸ್. ಅವುಗಳ ಜೊತೆಯ ಮೂರು ಬಿಳಿ ಎಳೆಗಳು ಒಟ್ಟಿಗೆ ಮೈನಸ್. ಬಣ್ಣ ಪ್ಲಸ್, ಬಿಳಿ ಮೈನಸ್ ಅಂತ ಇಟ್ಟುಕೊಂಡರೆ ನಾಳೆ ಬೇರೆಯವರು ಬಂದು ಬಿಚ್ಚಿದರೂ ಗೊಂದಲವಿಲ್ಲ. ತಡೆ ಮೂರನೇ ಒಂದಕ್ಕೆ ಇಳಿಯುತ್ತದೆ: 50 ಮೀಟರಿಗೆ 2.8 ಓಂ. ರಾತ್ರಿ ಬೀಳುವುದು 1.1 ವೋಲ್ಟ್, ಕ್ಯಾಮೆರಾಗೆ 10.9 ಸಿಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ, ಆ ಎಳೆಗಳು ಆಗಲೇ ಕೇಬಲ್ ಒಳಗೆ ಸುಮ್ಮನೆ ಬಿದ್ದಿರುತ್ತವೆ. ಮೂರು ಎಳೆಗಳನ್ನು ಹೊಸೆದು ಟೇಪ್ ಸುತ್ತಿ ಬಿಡಬೇಡಿ. ಬೆಸುಗೆ ಹಾಕಿ, ಇಲ್ಲವೇ ಒಳ್ಳೆಯ ಕನೆಕ್ಟರ್ ಬಳಸಿ.

ಆದರೆ ಈ ಲೆಕ್ಕವೆಲ್ಲ ತಾಮ್ರಕ್ಕೆ. ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವ 305 ಮೀಟರ್ ಬಾಕ್ಸ್‌ಗಳಲ್ಲಿ ಬಹಳಷ್ಟು ಸಿಸಿಎ, ಅಂದರೆ ಮೇಲೆ ತೆಳ್ಳಗೆ ತಾಮ್ರ ಹೊದಿಸಿದ ಅಲ್ಯೂಮಿನಿಯಂ. ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಬ್ಲೇಡಿನಿಂದ ಎಳೆಯನ್ನು ಉದ್ದಕ್ಕೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಸಿಸಿಎ. ಆಗಲೇ ಎಳೆದಾಗಿದೆ ಅಂದರೆ ಮೀಟರಿನಲ್ಲೂ ಗೊತ್ತಾಗುತ್ತದೆ. ಪವರ್ ಆಫ್ ಮಾಡಿ, ಎರಡೂ ತುದಿಯಲ್ಲಿ ಎಲ್ಲವನ್ನೂ ಬಿಡಿಸಿ, ಆ ತುದಿಯಲ್ಲಿ ಒಂದು ಜೋಡಿಯ ಎರಡು ಎಳೆಗಳನ್ನು ಸೇರಿಸಿ, ಈ ತುದಿಯಲ್ಲಿ ಓಂ ಅಳೆಯಿರಿ. ಮೀಟರಿನ ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆಯಿರಿ. 50 ಮೀಟರ್ ತಾಮ್ರಕ್ಕೆ ಎಂಟೂವರೆ ಓಂ ಆಸುಪಾಸು ಬರಬೇಕು. 13 ಬಂದರೆ ನಿಮಗೆ ಅಲ್ಯೂಮಿನಿಯಂ ಮಾರಿದ್ದಾರೆ, ಅಥವಾ ನಡುವೆ ಎಲ್ಲೋ ಕೆಟ್ಟ ಜಾಯಿಂಟ್ ಇದೆ. ಸಿಸಿಎಯ ತೊಂದರೆ ತಡೆ ಒಂದೇ ಅಲ್ಲ. ಸ್ಕ್ರೂ ಕೆಳಗೆ ಸಿಕ್ಕ ಅಲ್ಯೂಮಿನಿಯಂ ಕ್ರಮೇಣ ಸಡಿಲವಾಗುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ.

ವೋಲ್ಟೇಜ್ ಕಡಿಮೆ ಅಂತ ಗೊತ್ತಾದ ತಕ್ಷಣ ಕೆಲವರು ಮಾಡುವ ಇನ್ನೊಂದು ಕೆಲಸವಿದೆ: ಕ್ಯಾಮೆರಾಗಳಿಗೆಲ್ಲ 12 ವೋಲ್ಟ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಮೇಲಿನ ಅಡ್ಜಸ್ಟ್‌ಮೆಂಟ್ ಸ್ಕ್ರೂ ತಿರುಗಿಸಿ 14ಕ್ಕೆ ಏರಿಸುವುದು. ಗೇಟ್ ಕ್ಯಾಮೆರಾ ಎದ್ದು ಕೂರುತ್ತದೆ, ನಿಜ. ಅದೇ ಎಸ್‌ಎಂಪಿಎಸ್‌ನಿಂದ ಕ್ಯಾಶ್ ಕೌಂಟರ್ ಮೇಲಿನ ಕ್ಯಾಮೆರಾಗೂ ಲೈನ್ ಹೋಗಿದೆಯಲ್ಲ? ಅದು ಐದು ಮೀಟರ್ ದೂರದಲ್ಲಿದೆ, ಅದಕ್ಕೆ ಪೂರ್ತಿ 14 ಬೀಳುತ್ತದೆ. ಸ್ವಲ್ಪ ಏರಿಸುವುದಿದ್ದರೆ, ದೂರದ ಕ್ಯಾಮೆರಾಗಳಿಗೆ ಮಾತ್ರ ಬೇರೆ ಎಸ್‌ಎಂಪಿಎಸ್ ಇಟ್ಟು 12.5 ಅಥವಾ 12.8ಕ್ಕೆ ನಿಲ್ಲಿಸಿ.

60-70 ಮೀಟರ್ ದಾಟಿದರೆ 12 ವೋಲ್ಟಿನ ಹಟ ಬಿಡುವುದು ಒಳ್ಳೆಯದು. 24 ವೋಲ್ಟ್ ಸಪ್ಲೈ ಹಾಕಿ, ಕ್ಯಾಮೆರಾ ತುದಿಯಲ್ಲಿ 24ರಿಂದ 12ಕ್ಕೆ ಇಳಿಸುವ ಡಿಸಿ ಕನ್ವರ್ಟರ್ ಕೂರಿಸಿ. ಅದೇ ಕ್ಯಾಮೆರಾಗೆ ತಂತಿಯಲ್ಲಿ ಹರಿಯುವ ಕರೆಂಟ್ ಕಾಲು ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. ಮೂರು ಜೋಡಿ ಬಳಸಿದರೆ 100 ಮೀಟರಿಗೆ ಬೀಳುವುದು ಒಂದೂವರೆ ವೋಲ್ಟಿನ ಒಳಗೆ, 24ರಲ್ಲಿ ಅದು ಲೆಕ್ಕಕ್ಕಿಲ್ಲ. ಎರಡು ಎಚ್ಚರಿಕೆ. ಕನ್ವರ್ಟರಿನ ಔಟ್‌ಪುಟ್ ಅನ್ನು ಟೇಬಲ್ ಮೇಲೆಯೇ 12.0ಗೆ ಹೊಂದಿಸಿ, ಆಮೇಲೆ ಕ್ಯಾಮೆರಾ ಜೋಡಿಸಿ. ಆ ಲೈನಿನ ಎರಡೂ ತುದಿಯಲ್ಲಿ ‘24 ವೋಲ್ಟ್’ ಎಂದು ಕನ್ನಡದಲ್ಲಿ ಬರೆದು ಅಂಟಿಸಿ, ಇಲ್ಲದಿದ್ದರೆ ಮುಂದೆ ಯಾರೋ ನೇರವಾಗಿ ಕ್ಯಾಮೆರಾಗೆ ಚುಚ್ಚುತ್ತಾರೆ. ಗೇಟಿನ ಹತ್ತಿರ ಕಾವಲುಗಾರನ ಕೋಣೆಯಲ್ಲಿ 230 ವೋಲ್ಟ್ ಇದ್ದರೆ ಅಲ್ಲೇ ಅಡಾಪ್ಟರ್ ಹಾಕಬಹುದು, ಆದರೆ ಕರೆಂಟ್ ಹೋದಾಗ ಆಫೀಸಿನ ಯುಪಿಎಸ್ ಅದನ್ನು ಕಾಯುವುದಿಲ್ಲ.

ವಿಡಿಯೋ ಕಡೆಯ ತಪ್ಪುಗಳು ಕಡಿಮೆ, ಚುಟುಕಾಗಿ ಹೇಳುತ್ತೇನೆ. ಡಿವಿಆರ್ ಹಿಂದೆ ಲ್ಯಾನ್ ಕೇಬಲ್ ಪ್ಲಗ್ ಕೂರುವ ಆರ್‌ಜೆ45 ಪೋರ್ಟ್ ಇಂಟರ್ನೆಟ್‌ಗೆ. ಅನಲಾಗ್ ಕ್ಯಾಮೆರಾದ ಲ್ಯಾನ್ ಕೇಬಲ್ ಅಲ್ಲಿಗೂ ಹೋಗಬಾರದು, ನೆಟ್‌ವರ್ಕ್ ಸ್ವಿಚ್‌ಗೂ ಹೋಗಬಾರದು. ಎರಡೂ ತುದಿಯಲ್ಲಿ ಬಲೂನ್, ಬಲೂನ್‌ನಿಂದ ಬಿಎನ್‌ಸಿ (ತಿರುಗಿಸಿ ಕೂರಿಸುವ ದುಂಡು ವಿಡಿಯೋ ಕನೆಕ್ಟರ್), ಅಷ್ಟೇ. 75 ಓಂನ ಕೋಆಕ್ಸ್ (ಟಿವಿ ಕೇಬಲ್ ಥರದ ತಂತಿ) ಸಿಗ್ನಲನ್ನು 100 ಓಂನ ಹೆಣೆದ ಜೋಡಿಗೆ ಹೊಂದಿಸುವುದು ಬಲೂನಿನ ಕೆಲಸ. ಒಂದು ತುದಿಯಲ್ಲಿ ಮಾತ್ರ ಹಾಕಿದರೆ ಅರ್ಧ ಕೆಲಸ. ವಿಡಿಯೋ ಜೋಡಿಯ ಪ್ಲಸ್ ಮೈನಸ್ ಅದಲುಬದಲಾದರೆ ಚಿತ್ರ ಉರುಳುತ್ತದೆ ಅಥವಾ ಬರುವುದೇ ಇಲ್ಲ, ಎಳೆ ತಿರುಗಿಸಿ ಹಾಕಿದರೆ ಸರಿಹೋಗುತ್ತದೆ.

ಕಷ್ಟ ಕೊಡುವುದು ಜೋಡಿ ತಪ್ಪುವುದು. ಅಗ್ಗದ ಕೇಬಲ್‌ನಲ್ಲಿ ಬಿಳಿ ಎಳೆಗಳ ಮೇಲೆ ಬಣ್ಣದ ಗೆರೆಯೇ ಇರುವುದಿಲ್ಲ, ನಾಲ್ಕೂ ಬರೀ ಬಿಳಿ. ಹೆಣಿಗೆಯನ್ನು ಒಂದು ಗೇಣು ಬಿಚ್ಚಿಬಿಟ್ಟರೆ ಯಾವ ಬಿಳಿ ಯಾರ ಜೊತೆ ಅನ್ನುವುದು ದೇವರಿಗೇ ಗೊತ್ತು. ನೀಲಿಯ ಜೊತೆ ಹಸಿರಿನ ಬಿಳಿ ಸೇರಿಕೊಂಡರೆ ಮೀಟರಿನ ಕಂಟಿನ್ಯೂಟಿ ಸರಿಯಾಗೇ ತೋರಿಸುತ್ತದೆ, ಚಿತ್ರದಲ್ಲಿ ಮಾತ್ರ ನೆರಳು, ಗೆರೆ, ಪಕ್ಕದ ಕ್ಯಾಮೆರಾದ ಛಾಯೆ. ಬಲೂನ್ ಒಳಗೆ ಹೋಗುವವರೆಗೂ ಹೆಣಿಗೆ ಇರಲಿ, ಎರಡು ಸೆಂಟಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಪವರ್, ವಿಡಿಯೋ ಎರಡನ್ನೂ ಒಂದೇ ಆರ್‌ಜೆ45ರಲ್ಲಿ ಕೊಡುವ ರೆಡಿಮೇಡ್ ಬಲೂನ್ ತಂದರೆ ಎರಡೂ ತುದಿಗೆ ಒಂದೇ ಕಂಪನಿಯ ಒಂದೇ ಮಾದರಿ ತನ್ನಿ. ಯಾವ ಪಿನ್‌ನಲ್ಲಿ ಪವರ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ತಪ್ಪಿದರೆ 12 ವೋಲ್ಟ್ ನೇರ ವಿಡಿಯೋ ಪಿನ್ನಿಗೆ ಹೋಗುತ್ತದೆ.

ಚಿತ್ರದಲ್ಲಿ ಅಡ್ಡ ಪಟ್ಟಿಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ತೇಲುತ್ತಿದ್ದರೆ ಎರಡು ತುದಿಗಳ ಅರ್ತಿಂಗ್ ವ್ಯತ್ಯಾಸವನ್ನು ಅನುಮಾನಿಸಿ. ಶೆಡ್ಡಿನ ಕಬ್ಬಿಣದ ಟ್ರಸ್‌ಗೆ ಲೋಹದ ಕ್ಯಾಮೆರಾವನ್ನು ನೇರ ಬೋಲ್ಟ್ ಮಾಡಿರುವ ಕಡೆ ಇದು ಸಾಮಾನ್ಯ. ನಡುವೆ ಪಿವಿಸಿ ಬಾಕ್ಸ್ ಕೊಟ್ಟು, ಬಿಎನ್‌ಸಿಯ ಲೋಹ ಎಲ್ಲೂ ತಾಗದಂತೆ ಮಾಡಿ ನೋಡಿ. ಬೋರ್‌ವೆಲ್ ಮೋಟಾರಿನ ತ್ರೀ ಫೇಸ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಕ್ಯಾಮೆರಾ ಕೇಬಲ್ ತೂರಿಸಬೇಡಿ. ಒಂದಡಿಯಾದರೂ ದೂರ ಇರಲಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ. ಬಿಸಿಲಿಗೆ ಬೀಳುವ ಕಡೆ ಒಳಾಂಗಣದ ಬೂದು ಕೇಬಲ್ ಸಿಪ್ಪೆ ಬಿರಿಯುತ್ತದೆ, ಹೊರಾಂಗಣದ ಕಪ್ಪು ಕೇಬಲ್ಲನ್ನೇ ತನ್ನಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲಿ ತೂಗುವ ಕೇಬಲ್ ಮೊದಲ ಬಲಿ. ಸರ್ಜ್, ಅಂದರೆ ಸಿಡಿಲಿನಿಂದ ಬರುವ ವೋಲ್ಟೇಜ್ ಹೊಡೆತದ, ರಕ್ಷಣೆ ಇರುವ ಬಲೂನ್ ಒಳ್ಳೆಯದೇ, ಆದರೆ ಅದರ ಅರ್ತ್ ತಂತಿಯನ್ನು ನಿಜವಾದ ಅರ್ತಿಂಗ್‌ಗೆ ಕೊಟ್ಟರೆ ಮಾತ್ರ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಯಾವುದೂ ಉಳಿಯುತ್ತದೆ ಎಂದು ಭರವಸೆ ಕೊಡಲಾರೆ.

ಹೇಗಿದ್ದರೂ ಕ್ಯಾಮೆರಾಗಳನ್ನೇ ಹೊಸದು ತರುವ ಯೋಚನೆ ಇದ್ದರೆ, ಕೇಬಲ್ ಪೂರ್ತಿ ತಾಮ್ರ, ನಡುವೆ ಜಾಯಿಂಟ್ ಇಲ್ಲ, 100 ಮೀಟರಿನ ಒಳಗಿದೆ ಎಂದಾದರೆ ಅದೇ ಕೇಬಲ್ ಮೇಲೆ ಪಿಒಇ ಐಪಿ ಕ್ಯಾಮೆರಾ (ಪವರ್, ಚಿತ್ರ ಎರಡೂ ಒಂದೇ ಲ್ಯಾನ್ ಕೇಬಲ್‌ನಲ್ಲಿ ಹೋಗುವ ನೆಟ್‌ವರ್ಕ್ ಕ್ಯಾಮೆರಾ) ಓಡುತ್ತದೆ. ಅಲ್ಲಿ ಹೋಗುವುದು 48 ವೋಲ್ಟಿನ ಆಸುಪಾಸು, ಹಾಗಾಗಿ ಈ ರಾತ್ರಿಯ ರಗಳೆ ಇರುವುದಿಲ್ಲ. ಆದರೆ ಬಲೂನ್‌ಗಳನ್ನೆಲ್ಲ ಕಿತ್ತು, ತುದಿಗೆ ಹೊಸ ಆರ್‌ಜೆ45 ಹಾಕಿದ ಮೇಲೆ ಮಾತ್ರ ಪಿಒಇ ಸ್ವಿಚ್‌ಗೆ ಜೋಡಿಸಿ. ವೈರ್‌ಲೆಸ್ ಇಂಟರ್ನೆಟ್ ಆಂಟೆನಾ ಜೊತೆ ಬರುವ ಸಣ್ಣ ಪಿಒಇ ಅಡಾಪ್ಟರ್‌ಗಳಲ್ಲಿ ಎಷ್ಟೋ ಎದುರಿಗೆ ಏನಿದೆ ಎಂದು ವಿಚಾರಿಸುವುದಿಲ್ಲ, ನೇರವಾಗಿ ವೋಲ್ಟೇಜ್ ತಳ್ಳುತ್ತವೆ.

ಹಳೇ ಕ್ಯಾಮೆರಾಗಳೇ ಸಾಕು ಅನ್ನುವವರು, ಕೇಬಲ್ ಗೋಡೆ ಹತ್ತುವ ಮೊದಲು ಎಲ್ಲವನ್ನೂ ನೆಲದ ಮೇಲೆ ಜೋಡಿಸಿ ನೋಡಿ. ಬೇಕಾದಷ್ಟು ಉದ್ದ ಕತ್ತರಿಸಿ, ಸುರುಳಿಯನ್ನು ಬಿಚ್ಚದೆ, ಒಂದು ತುದಿಗೆ ಕ್ಯಾಮೆರಾ, ಇನ್ನೊಂದಕ್ಕೆ ಡಿವಿಆರ್, ಎಸ್‌ಎಂಪಿಎಸ್. ಕ್ಯಾಮೆರಾದ ಮುಖ ಮುಚ್ಚಿ, ಹತ್ತು ನಿಮಿಷ ಹಾಗೇ ಓಡಲಿ, ಮೀಟರ್ ಹಿಡಿದು ನೋಡಿ. ಆ ಅಂಕಿಯನ್ನೂ ಕೇಬಲ್‌ನ ಉದ್ದವನ್ನೂ ಕ್ಯಾಮೆರಾ ನಂಬರ್ ಎದುರಿಗೆ ಬರೆದು ಡಿವಿಆರ್ ರ‍್ಯಾಕ್‌ನ ಬಾಗಿಲ ಒಳಬದಿಗೆ ಅಂಟಿಸಿ. ಮುಂದಿನ ವರ್ಷ 10.9 ಇದ್ದದ್ದು 10.1 ಆಗಿದ್ದರೆ ಮೊದಲು ಗೇಟ್ ಕಂಬದ ಮೇಲಿನ ಬಾಕ್ಸ್ ತೆರೆಯಿರಿ. ನೀರು ಇಳಿದು ಹಸಿರು ಕಿಲುಬು ಹಿಡಿದ ಜಾಯಿಂಟ್ ಸಿಗುವುದು ಹೆಚ್ಚಾಗಿ ಅಲ್ಲೇ.