ಅರವತ್ತು ವರ್ಷ ಕಾವಲಿದ್ದರೂ ಸೈಪ್ರಸ್‌ಗೆ ಶಾಂತಿ ಏಕೆ ಬರಲಿಲ್ಲ?

ಪ್ರಶ್ನೆ: ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ 1964ರಿಂದ ಇದೆ. ಆ ದ್ವೀಪ ಇಂದಿಗೂ ಎರಡು ಹೋಳಾಗಿಯೇ ಇದೆ. ಹಾಗಿದ್ದ ಮೇಲೆ ಅಂತರರಾಷ್ಟ್ರೀಯ ಸಂಸ್ಥೆಗಳು ಶಾಂತಿ ತರುತ್ತವೆ ಎಂಬುದು ಬರೀ ಬಾಯಿಮಾತಲ್ಲವೇ?

ಉತ್ತರ: ಖಂಡಿತ ಅಲ್ಲ. ಆದರೆ ಶಾಂತಿಪಡೆಗೆ ವಹಿಸಿದ ಕೆಲಸ ಯಾವುದು ಎಂಬುದನ್ನು ಮೊದಲು ನೋಡಬೇಕು. ಕೈ ಕೈ ಮಿಲಾಯಿಸಲು ನಿಂತ ಇಬ್ಬರ ನಡುವೆ ಹೋಗಿ ನಿಲ್ಲುವುದಷ್ಟೇ ಅದರ ಪಾಲಿನದು. ರಾಜಿ ಮಾಡಿಕೊಳ್ಳಬೇಕಾದವರು ಆ ಇಬ್ಬರೇ.

ಬ್ರಿಟನ್ನಿನಿಂದ 1960ರಲ್ಲಿ ಸ್ವತಂತ್ರವಾದ ಸೈಪ್ರಸ್‌ನಲ್ಲಿ ಗ್ರೀಕ್ ಸೈಪ್ರಿಯಟರೂ ತುರ್ಕಿ ಸೈಪ್ರಿಯಟರೂ ಸೇರಿ ಸರ್ಕಾರ ನಡೆಸಬೇಕಿತ್ತು. ಮೂರೇ ವರ್ಷಕ್ಕೆ ಆ ಹೊಂದಾಣಿಕೆ ಮುರಿದುಬಿತ್ತು. 1963ರ ಡಿಸೆಂಬರ್‌ನಲ್ಲಿ ರಾಜಧಾನಿ ನಿಕೋಸಿಯಾದಲ್ಲಿ ರಕ್ತ ಹರಿದಾಗ, ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್ಲಿನಿಂದ ಗೆರೆ ಎಳೆದರು. ಅದಕ್ಕೆ ಇಂದಿಗೂ ‘ಹಸಿರು ಗೆರೆ’ ಎಂದೇ ಹೆಸರು. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಅಲ್ಲಿಗೆ ಪಡೆ ಕಳುಹಿಸಲು ತೀರ್ಮಾನಿಸಿತು. ಮೊದಲು ಕೊಟ್ಟ ಅವಧಿ ಮೂರು ತಿಂಗಳು!

ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. 1964ರ ಜುಲೈನಲ್ಲಿ ಆ ಪಡೆಯ ಮುಖ್ಯಸ್ಥರಾದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಕೊರಿಯಾ ಯುದ್ಧ ನಿಂತ ಮೇಲೆ, ತಾಯ್ನಾಡಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಪ್ರಕರಣವನ್ನು ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ನಿಭಾಯಿಸಿದ್ದ ಅನುಭವ ಅವರಿಗಿತ್ತು. ಭಾರತೀಯ ಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಬಳಿಕವೂ ಈ ಹೊಣೆಯನ್ನು ಹೊತ್ತರು. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿಯೇ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಇನ್ನು ನಿಮ್ಮ ಪ್ರಶ್ನೆಯ ಗಟ್ಟಿ ಭಾಗಕ್ಕೆ ಬರೋಣ. 1974ರ ಜುಲೈ 15ರಂದು ಗ್ರೀಸಿನ ಸೇನಾ ಆಡಳಿತದ ಬೆಂಬಲದಿಂದ ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಐದು ದಿನಕ್ಕೆ ತುರ್ಕಿಯ ಸೇನೆ ದ್ವೀಪದ ಉತ್ತರ ಭಾಗಕ್ಕೆ ಬಂದಿಳಿಯಿತು. ಶಾಂತಿಪಡೆ ಇದಾವುದನ್ನೂ ತಡೆಯಲಿಲ್ಲ. ತಡೆಯುವ ಬಲವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಆತ್ಮರಕ್ಷಣೆಗೆ ಹೊರತು ಬಂದೂಕು ಎತ್ತುವಂತಿಲ್ಲ, ಯಾರ ಪಕ್ಷವನ್ನೂ ವಹಿಸುವಂತಿಲ್ಲ ಎಂಬ ಷರತ್ತಿನ ಮೇಲೆಯೇ ಅದು ಅಲ್ಲಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು. ಹತ್ತಾರು ಸಾವಿರ ತುರ್ಕಿ ಸೈಪ್ರಿಯಟರು ಉತ್ತರಕ್ಕೆ ಹೋದರು. ಇದು ಸೋಲು. ಇದನ್ನು ಮುಚ್ಚಿಟ್ಟು ವಿಶ್ವಸಂಸ್ಥೆಯನ್ನು ಹೊಗಳುವುದು ಮನೆಮಠ ಕಳೆದುಕೊಂಡ ಆ ಜನರಿಗೆ ಮಾಡುವ ಅನ್ಯಾಯ.

ಆದರೆ ಅದೇ ವಾರದಲ್ಲಿ ನಿಕೋಸಿಯಾ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಸಂಗತಿ ನಡೆಯಿತು. ನಿಲ್ದಾಣವನ್ನು ಕೈವಶ ಮಾಡಿಕೊಳ್ಳಲು ಎರಡೂ ಕಡೆಯವರು ಕಾದಾಡುತ್ತಿದ್ದಾಗ, ಪಡೆಯ ಆಗಿನ ಮುಖ್ಯಸ್ಥ, ಅವರೂ ಭಾರತೀಯರೇ, ಮೇಜರ್ ಜನರಲ್ ದೇವಾನ್ ಪ್ರೇಮ್ ಚಂದ್ ಅದನ್ನು ವಿಶ್ವಸಂಸ್ಥೆಯ ರಕ್ಷಿತ ಪ್ರದೇಶವೆಂದು ಘೋಷಿಸಿದರು. ಶಾಂತಿಪಡೆಯ ನೀಲಿ ಟೋಪಿಯವರು ಜಾಗ ಬಿಟ್ಟು ಕದಲಲಿಲ್ಲ. ನಿಲ್ದಾಣ ಯಾರ ಪಾಲಿಗೂ ಹೋಗಲಿಲ್ಲ. ಹಳೆಯ ಟ್ರೈಡೆಂಟ್ ವಿಮಾನವೊಂದು ಇಂದಿಗೂ ಅಲ್ಲಿ ತುಕ್ಕು ಹಿಡಿದು ನಿಂತಿದೆ.

ಉಳಿಸಿಕೊಂಡ ಆ ನೆಲದಲ್ಲಿ ಈಗ ಏನು ನಡೆಯುತ್ತಿದೆ ಎಂಬುದರಲ್ಲಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿದೆ. ಆ ರಕ್ಷಿತ ಪ್ರದೇಶದಲ್ಲೊಂದು ಪ್ರಯೋಗಾಲಯವಿದೆ. ಉದ್ದನೆಯ ಮೇಜುಗಳ ಮೇಲೆ ಮಣ್ಣಿನಿಂದ ತೆಗೆದ ಮೂಳೆಗಳನ್ನು ಒಂದೊಂದಾಗಿ ಜೋಡಿಸುತ್ತಾರೆ: ತಲೆಬುರುಡೆ, ಪಕ್ಕೆಲುಬು, ಕಾಲಿನ ಮೂಳೆ. ಜೋಡಿಸುವ ತಜ್ಞರಲ್ಲಿ ಗ್ರೀಕ್ ಸೈಪ್ರಿಯಟರೂ ಇದ್ದಾರೆ, ತುರ್ಕಿ ಸೈಪ್ರಿಯಟರೂ ಇದ್ದಾರೆ. 1963–64ರಲ್ಲಿ ಮತ್ತು 1974ರಲ್ಲಿ ಕಾಣೆಯಾದವರು ಒಟ್ಟು 2,002 ಮಂದಿ. 1,510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು. ವಿಶ್ವಸಂಸ್ಥೆಯ ಆಸರೆಯಲ್ಲಿ 1981ರಲ್ಲಿ ರಚನೆಯಾದ ಸಮಿತಿ ಅವರನ್ನು ಹುಡುಕುತ್ತಿದೆ. ಡಿಎನ್‌ಎ ತಾಳೆಯಾದ ಮೇಲೆ ಮನೆಯವರನ್ನು ಕರೆಸಿ ಅಸ್ಥಿಯನ್ನು ಒಪ್ಪಿಸುತ್ತಾರೆ. ಹೀಗೆ ಸಾವಿರಕ್ಕೂ ಹೆಚ್ಚು ಮಂದಿ ತಮ್ಮವರ ಕೈ ಸೇರಿದ್ದಾರೆ. ದಶಕಗಳ ಕಾಲ ಬಾಗಿಲಿನತ್ತ ಕಣ್ಣು ನೆಟ್ಟು ಕುಳಿತ ಮನೆಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಒಳಚರಂಡಿಯ ಮಾತನ್ನೂ ಹೇಳಲೇಬೇಕು. ನಗರ ಇಬ್ಭಾಗವಾದರೂ ನೆಲದಡಿಯ ಕೊಳವೆಗಳು ಒಂದೇ ಜಾಲದವು. 1978ರಲ್ಲಿ ಎರಡೂ ಕಡೆಯ ಮೇಯರ್‌ಗಳು, ಲೆಲೋಸ್ ಡಿಮಿಟ್ರಿಯಾಡಿಸ್ ಮತ್ತು ಮುಸ್ತಫಾ ಅಕಿಂಜಿ, ಒಟ್ಟಿಗೆ ಕುಳಿತು ಆ ಜಾಲವನ್ನು ಪೂರ್ಣಗೊಳಿಸಲು ಒಪ್ಪಿದರು. ನೆರವಿಗೆ ನಿಂತದ್ದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ. ಸೇನೆಗಳು ಎದುರುಬದುರು ನಿಂತಿರುವಾಗಲೇ ಎರಡೂ ಕಡೆಯ ಕೊಳಚೆ ಒಂದೇ ಘಟಕದಲ್ಲಿ ಶುದ್ಧವಾಗುತ್ತಿದೆ.

ರಾಜಿಯ ಯೋಜನೆಯನ್ನೂ ವಿಶ್ವಸಂಸ್ಥೆ ಮುಂದಿಟ್ಟಿತ್ತು. 2004ರ ಏಪ್ರಿಲ್ 24ರ ಜನಮತಗಣನೆಯಲ್ಲಿ ತುರ್ಕಿ ಸೈಪ್ರಿಯಟರಲ್ಲಿ ಸುಮಾರು ಶೇ 65ರಷ್ಟು ಮಂದಿ ಒಪ್ಪಿದರು, ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು ಶೇ 76ರಷ್ಟು ಮಂದಿ ತಿರಸ್ಕರಿಸಿದರು. ಅಲ್ಲಿಗೆ ಅದು ಬಿದ್ದುಹೋಯಿತು. ಕಾವಲು ಇರುವವರೆಗೆ ರಾಜಿಗೆ ಅವಸರವೇನು ಎಂಬ ಮನೋಭಾವ ಎರಡೂ ಕಡೆ ಬೆಳೆದಿದೆ ಎಂಬ ಟೀಕೆಯಿದೆ. ಅದರಲ್ಲಿ ಹುರುಳಿದೆ ಎಂದೇ ನನ್ನ ಭಾವನೆ. ಹಾಗೆಂದು ಕಾವಲು ತೆಗೆದು ಪರೀಕ್ಷಿಸಿ ನೋಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಎರಡೂ ಕಡೆಯ ನಡುವೆ ಶಾಂತಿಪಡೆ ಕಾಯುವ 180 ಕಿಲೋಮೀಟರ್ ಉದ್ದದ ನೆಲದ ಪಟ್ಟಿ ಹಳೆ ನಿಕೋಸಿಯಾದ ಕೆಲವೆಡೆ ಓಣಿಯಷ್ಟು ಕಿರಿದು. ಅಲ್ಲಿ ಒಂದು ಕಲ್ಲು ಬಿದ್ದರೂ ಎದುರಿನವರ ಅಂಗಳಕ್ಕೆ.

ಮೂಳೆ ಹುಡುಕುವ ಸಮಿತಿಗೂ ಕಟ್ಟುಪಾಡುಗಳಿವೆ. ಕೊಂದವರು ಯಾರು ಎಂದು ಅದು ಕೇಳುವಂತಿಲ್ಲ. ಹೂತ ಜಾಗ ತೋರಿಸಿದವರ ಹೆಸರನ್ನು ಬಿಟ್ಟುಕೊಡುವಂತಿಲ್ಲ. ಆ ಭರವಸೆ ಇಲ್ಲದಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೀಗೆ ಅಸ್ಥಿ ಸಿಕ್ಕ ಮನೆಗೆ ನ್ಯಾಯ ಸಿಗುವುದಿಲ್ಲ. ಈಚಿನ ವರ್ಷಗಳಲ್ಲಿ ಅಗೆದ ಕಡೆಯೆಲ್ಲ ಬರಿಗೈಯಲ್ಲಿ ಮರಳುವುದೇ ಹೆಚ್ಚು. ಜಾಗ ಗೊತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಕೆಲವು ಜಾಗಗಳ ಮೇಲೆ ಕಟ್ಟಡಗಳು ಎದ್ದಿವೆ, ಕಾಣೆಯಾದವರ ಪಟ್ಟಿಯಲ್ಲಿರುವವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಇನ್ನೂ ಸಿಕ್ಕಿಲ್ಲ.