ಇಂಟರ್ನ್‌ಶಿಪ್ ಹುಡುಕುವ ಮೊದಲು ಕ್ಯಾಲೆಂಡರ್ ನೋಡಿ

ಪರೀಕ್ಷೆ ಹತ್ತಿರ ಬಂತು ಅಂದ್ರೆ ನಮ್ಮ ಆಫೀಸಿಗೆ ಬಿ.ಕಾಂ, ಬಿಬಿಎ ಮಕ್ಕಳ ಫೋನ್ ಶುರು. "ಸರ್, ಇಂಟರ್ನ್‌ಶಿಪ್ ಉಂಟಾ?" ಉಂಟು ಅಂದ್ರೆ ಮುಂದಿನ ಪ್ರಶ್ನೆ, "ಸರ್ಟಿಫಿಕೇಟ್ ಯಾವಾಗ ಸಿಗ್ತದೆ?" ಇವೆರಡರ ನಡುವೆ ಕೇಳಬೇಕಾದ ಒಂದು ಪ್ರಶ್ನೆ ಉಂಟಲ್ವಾ, "ನಾನು ಬಂದರೆ ನನಗೆ ಎಂತ ಕೆಲಸ ಕೊಡ್ತೀರಿ?" ಅಂತ, ಅದನ್ನು ಕೇಳುವವರು ಬಹಳ ಕಡಿಮೆ.

ನಾನು ಮಂಗಳೂರಿನಲ್ಲಿ ಆಡಿಟ್, ಟ್ಯಾಕ್ಸ್ ಕೆಲಸ ಮಾಡುವ ಸಿಎ. ನಮ್ಮಂಥ ಆಫೀಸಿನಲ್ಲಿ ನೀವು ಎಷ್ಟು ಕಲಿಯುತ್ತೀರಿ ಅನ್ನುವುದು ನಿಮ್ಮ ಮಾರ್ಕಿಗಿಂತ ಜಾಸ್ತಿ ನೀವು ಯಾವ ತಾರೀಕಿಗೆ ಬರುತ್ತೀರಿ ಅನ್ನುವುದರ ಮೇಲೆ ನಿಂತಿದೆ. ತಮಾಷೆ ಮಾಡುತ್ತಿಲ್ಲ.

ನಮ್ಮ ತಿಂಗಳು ನೋಡಿ. 7ನೇ ತಾರೀಕಿಗೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಲೆಕ್ಕ. 14ಕ್ಕೆ ಪೋರ್ಟಲ್‌ನಲ್ಲಿ 2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. 20ಕ್ಕೆ 3ಬಿ, ಅಂದರೆ ತಿಂಗಳ ಒಟ್ಟು ಲೆಕ್ಕದ ರಿಟರ್ನ್, ಹಾಕಿ ತೆರಿಗೆ ಕಟ್ಟಬೇಕು. ಎರಡೇ ವಾರ ಬರುವುದಾದರೆ 7ರಿಂದ 20ರವರೆಗೆ ಬನ್ನಿ, ಒಂದು ವ್ಯಾಪಾರದ ತಿಂಗಳ ಲೆಕ್ಕ ತಲೆಯಿಂದ ಬಾಲದವರೆಗೆ ಕಣ್ಣೆದುರೇ ಮುಗಿಯುತ್ತದೆ. 21ಕ್ಕೆ ಬಂದು ತಿಂಗಳ ಕೊನೆಗೆ ಹೋದರೆ ಹಳೆಯ ಫೈಲು ಜೋಡಿಸುವುದೇ ಸಿಗಬಹುದು.

ಈ 14ರಿಂದ 20ರ ನಡುವಿನ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬಂದರಿನ ಒಂದು ಹಾರ್ಡ್‌ವೇರ್ ಅಂಗಡಿ ಅಂತ ಇಟ್ಟುಕೊಳ್ಳಿ. ಅವರು ಮಾಲು ತರಿಸಿದ ಬಿಲ್ಲುಗಳೆಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಉಂಟು. ಮಾಲು ಕೊಟ್ಟವರು ಸರ್ಕಾರಕ್ಕೆ ತೋರಿಸಿದ ಬಿಲ್ಲುಗಳು 2ಬಿಯಲ್ಲಿ ಉಂಟು. 2022ರ ಜನವರಿಯಿಂದ ನಿಯಮ ಏನೆಂದರೆ, ಕೊಟ್ಟವರು ಅಲ್ಲಿ ತೋರಿಸದಿದ್ದರೆ ನಮ್ಮ ಅಂಗಡಿಯವರಿಗೆ ಆ ಬಿಲ್ಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆಯುವ ಅವಕಾಶ, ಸಿಗುವುದಿಲ್ಲ. ಹಾಗಾಗಿ ಎರಡೂ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಎದುರುಬದುರು ಇಟ್ಟು ತಾಳೆ ನೋಡಬೇಕು. ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕಿಕೊಡುವ ವಿ-ಲುಕಪ್ ಸೂತ್ರ ಹಾಕಿದರೆ ಮುಗಿಯಿತು ಅಂದುಕೊಂಡು ಎಲ್ಲರೂ ಖುಷಿಯಲ್ಲಿ ಶುರು ಮಾಡುತ್ತಾರೆ. ಮುಗಿಯುವುದಿಲ್ಲ. ಇಲ್ಲಿ ಬಿಲ್ ನಂಬರ್ 45 ಅಂತ ಉಂಟು, ಅಲ್ಲಿ 0045 ಅಂತ ಉಂಟು. ಒಂದು ಬಿಲ್ಲು ಇಲ್ಲವೇ ಇಲ್ಲ, ಯಾಕೆಂದು ಹುಡುಕಿದರೆ ಕೊಟ್ಟವರು ಸಣ್ಣ ವ್ಯಾಪಾರಿ, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ಇನ್ನೊಂದರಲ್ಲಿ ಬೇರೆ ಯಾರದೋ ಜಿಎಸ್‌ಟಿ ನಂಬರ್ ಬಿದ್ದಿದೆ. ಆಮೇಲೆ ಫೋನ್ ಹಚ್ಚಬೇಕು. ಆ ಕಡೆಯವರು ಊಟದ ಹೊತ್ತು, ಅಕೌಂಟೆಂಟ್ ರಜೆ, ನಾಳೆ ಮಾಡಿ ಅಂತಾರೆ. ಅವರ ಹತ್ತಿರ ಜಗಳ ಆಗದ ಹಾಗೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವುದನ್ನು ಯಾವ ಸಿಲೆಬಸ್ಸಿನಲ್ಲೂ ಹಾಕಿಲ್ಲ. ಹೀಗೆ ಒಂದು ಅಂಗಡಿಯ ಒಂದು ತಿಂಗಳ ಲೆಕ್ಕ ತಾಳೆ ಮಾಡಿದವರು ಇಂಟರ್‌ವ್ಯೂನಲ್ಲಿ ಕೂತರೆ ಅವರ ಮಾತೇ ಬೇರೆ ಥರ ಇರುತ್ತದೆ.

ಬೇರೆ ಕಸುಬಿಗೂ ಅದರದ್ದೇ ಕ್ಯಾಲೆಂಡರ್ ಉಂಟು. ಮಲ್ಪೆಯಲ್ಲಿ ಮೀನಿನ ಕಂಪನಿಗೆ ಹೋಗಬೇಕು ಅಂತಿದ್ದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ, ಟ್ರಾಲ್ ಬೋಟು ಕಡಲಿಗೆ ಇಳಿಯುವುದೇ ಇಲ್ಲ. ಆಗ ಹೋದರೆ ಬಲೆ ರಿಪೇರಿ ನೋಡಬಹುದು, ವ್ಯವಹಾರ ಅಷ್ಟಾಗಿ ಕಾಣುವುದಿಲ್ಲ. ಇಲ್ಲಿನ ಗೇರುಬೀಜ ಬೇಸಗೆಯಲ್ಲಿ ಬರುತ್ತದೆ, ಖರೀದಿ ಹೇಗೆ ಆಗುತ್ತದೆ ಅಂತ ತಿಳಿಯಬೇಕಾದರೆ ಮಳೆಗೆ ಮುಂಚೆ ಹೋಗಿ. ಐಟಿ ಕಂಪನಿಗಳಿಗೆ ಇಂಥ ಸೀಸನ್ ಕಡಿಮೆ. ವಿಟಿಯುವಿನ ಎಂಜಿನಿಯರಿಂಗ್ ಮಕ್ಕಳಿಗೆ ಕೊನೆಯ ವರ್ಷದಲ್ಲಿ ತಿಂಗಳುಗಟ್ಟಲೆ ಸಮಯ ಸಿಗುವುದರಿಂದ ಅವರ ಕಥೆ ಬೇರೆ.

ಎಲ್ಲರಿಗೂ ದೊಡ್ಡ ಹೆಸರೇ ಬೇಕು. ಎಂಆರ್‌ಪಿಎಲ್, ಮುಡಿಪುವಿನ ಇನ್ಫೋಸಿಸ್, ಕರ್ನಾಟಕ ಬ್ಯಾಂಕಿನ ಹೆಡ್ ಆಫೀಸ್. ಸಿಕ್ಕಿದರೆ ಬಿಡಬೇಡಿ. ಸಿಗದಿದ್ದರೆ ಮುಖ ಸಣ್ಣ ಮಾಡಿಕೊಳ್ಳಲೂ ಬೇಡಿ. ಬೈಕಂಪಾಡಿಯಲ್ಲಿ ಸಣ್ಣ ಸಣ್ಣ ಯೂನಿಟ್ ಎಷ್ಟು ಉಂಟು ಮಾರಾಯ್ರೆ! ಅಂಥ ಕಡೆ ಓನರ್ ಪಕ್ಕದ ಟೇಬಲ್ಲಿನಲ್ಲೇ ಕೂತಿರುತ್ತಾರೆ, ಕೆಲಸಕ್ಕೆ ಜನ ಸಾಲದು, ಹಾಗಾಗಿ ಬಂದ ಕೆಲವೇ ದಿನದಲ್ಲಿ ನಿಮ್ಮ ಕೈಗೆ ನಿಜವಾದ ಕೆಲಸ ಬಂದೇ ಬರುತ್ತದೆ.

ಕೇಳುವುದು ಹೇಗೆ? ಕಾಲೇಜಿನವರು ಕೊಟ್ಟ ಒಂದೇ ಲೆಟರನ್ನು ಐವತ್ತು ಕಡೆ ಫಾರ್ವರ್ಡ್ ಮಾಡುವುದು ಬಿಡಿ, ಅದನ್ನು ಯಾರೂ ಓದುವುದಿಲ್ಲ. ನೇರ ಬನ್ನಿ. 10, 11, 19, 20 ಬಿಟ್ಟು ಬೇರೆ ಯಾವ ದಿನ ಆದರೂ ಬನ್ನಿ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಫ್ರೀ ಇದ್ದೇನೆ, ಟ್ಯಾಲಿ ಇಷ್ಟು ಬರುತ್ತದೆ, ಎಕ್ಸೆಲ್ ಇಷ್ಟು ಬರುತ್ತದೆ ಅಂತ ಹೇಳಿ. ಬಾರದ್ದನ್ನು ಬರುತ್ತದೆ ಅನ್ನಬೇಡಿ, ಮೊದಲ ದಿನವೇ ಗೊತ್ತಾಗುತ್ತದೆ. ತುಳು, ಕೊಂಕಣಿ, ಬ್ಯಾರಿ ಬರುವುದಾದರೆ ಅದನ್ನು ರೆಸ್ಯೂಮೆಯಲ್ಲಿ ಮೇಲೆಯೇ ಬರೆಯಿರಿ. ಮನೆಮಾತು ಅಂತ ಮಕ್ಕಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ಆದರೆ ನಮ್ಮ ಕ್ಲೈಂಟ್‌ಗಳ ಹತ್ತಿರ ಬಿಲ್ಲು ತರಿಸಿಕೊಳ್ಳಲು ನಾಲ್ಕು ಮಾತು ತುಳು ಮಾಡುವ ಉಪಕಾರ ಚಂದದ ಇಂಗ್ಲಿಷ್ ಮಾಡುವುದಿಲ್ಲ.

ದುಡ್ಡಿನ ಮಾತು ಆಡಲು ನಾಚಿಕೆ ಬೇಡ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಎರಡು ಜಿಲ್ಲೆಯಲ್ಲಿ ಓಡುವುದು ಖಾಸಗಿ ಬಸ್ಸೇ ಜಾಸ್ತಿ. ಕಾಪುವಿನಿಂದ ದಿನಾ ಮಂಗಳೂರಿಗೆ ಬರುವ ಹುಡುಗಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ ಸೇರಿ ತಿಂಗಳಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಅಷ್ಟಾದರೂ ಕೊಡ್ತೀರಾ ಸರ್ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೆಲಸ ಮಾಡಿಸಿಕೊಂಡು ಬಸ್ಸಿನ ದುಡ್ಡೂ ಕೊಡದ ಆಫೀಸುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಇನ್ನು ನೀವೇ ದುಡ್ಡು ಕೊಡುವ ಇಂಟರ್ನ್‌ಶಿಪ್. ಫೀಸ್ ಕಟ್ಟಿ, ಆನ್‌ಲೈನ್‌ನಲ್ಲಿ ನಾಲ್ಕು ವಿಡಿಯೊ ನೋಡಿ, ಬಣ್ಣದ ಸರ್ಟಿಫಿಕೇಟ್ ತಗೊಳ್ಳಿ ಅನ್ನುವ ಮೆಸೇಜು ವಾಟ್ಸಾಪ್‌ಗೆ ಬರುತ್ತಲೇ ಇರುತ್ತದೆ. ಅದು ಇಂಟರ್ನ್‌ಶಿಪ್ ಅಲ್ಲ, ಅಂಗಡಿ. ಅಂಥ ಸರ್ಟಿಫಿಕೇಟ್ ಹಿಡಿದುಕೊಂಡು ಬಂದವರಿಗೆ "ನೀವು ಮಾಡಿದ ಒಂದು ಕೆಲಸ ಹೇಳಿ" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮನೆಯವರು ಗೊಂದಲ ಮಾಡಿಕೊಳ್ಳುವ ಎರಡು ವಿಷಯ ಉಂಟು. ಒಂದು, ಡಿಗ್ರಿಯ ಇಂಟರ್ನ್‌ಶಿಪ್ಪಿಗೂ ಸಿಎ ಆರ್ಟಿಕಲ್‌ಶಿಪ್ಪಿಗೂ ಸಂಬಂಧ ಇಲ್ಲ. ಆರ್ಟಿಕಲ್‌ಶಿಪ್ ಅಂದರೆ ಸಿಎ ಆಗಲು ಆಫೀಸಿನಲ್ಲಿ ಮಾಡಬೇಕಾದ ತರಬೇತಿ, ಅದಕ್ಕೆ ಹೊಸ ನಿಯಮದಲ್ಲಿ ಸಿಎ ಇಂಟರ್ ಎರಡೂ ಗ್ರೂಪ್ ಪಾಸಾಗಬೇಕು, ಆಮೇಲೆ ಎರಡು ವರ್ಷ. ಮೊದಲು ಮೂರು ವರ್ಷ ಇತ್ತು, 2023ರ ಜುಲೈಯಿಂದ ಕಡಿಮೆ ಮಾಡಿದರು. ಇನ್ನೊಂದು, 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ತಿಂಗಳಿಗೆ 5,000 ರೂಪಾಯಿ, 12 ತಿಂಗಳು ಅಂತ ಕೇಳಿ ಕಾಲೇಜು ಮಕ್ಕಳೆಲ್ಲ ಓಡಿದರು. ಶುರುವಿನ ನಿಯಮದಲ್ಲಿ ಅದು 21ರಿಂದ 24 ವಯಸ್ಸಿನ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ ಇದ್ದದ್ದು. ಅರ್ಜಿ ಹಾಕುವ ಮೊದಲು ಆ ಸಲದ ನಿಯಮವನ್ನು ಪೋರ್ಟಲ್‌ನಲ್ಲೇ ಓದಿ, ರೀಲ್ಸ್ ನೋಡಿ ನಂಬಬೇಡಿ.

ಬಂದ ಮೇಲೆ ಒಂದು ಎಚ್ಚರ ಬೇಕು. ಕ್ಲೈಂಟಿನ ಲೆಕ್ಕ ಆಫೀಸಿನ ಬಾಗಿಲು ದಾಟಬಾರದು. ಲಿಂಕ್ಡ್‌ಇನ್‌ಗೆ ಹಾಕಲು ಸೆಲ್ಫಿ ತೆಗೆದಾಗ ಹಿಂದಿನ ಸ್ಕ್ರೀನಿನಲ್ಲಿ ಯಾರದೋ ಬ್ಯಾಲೆನ್ಸ್ ಶೀಟ್ ಕಾಣುತ್ತಿದ್ದರೆ ನಿಮ್ಮ ಇಂಟರ್ನ್‌ಶಿಪ್ ಅವತ್ತಿಗೇ ಮುಗಿಯಬಹುದು. ಕ್ಲೈಂಟಿಗೆ ಬರುವ ಒಟಿಪಿಯನ್ನು ನೀವಾಗಿ ಕೇಳಬೇಡಿ, ಆಫೀಸಿನ ಹಿರಿಯರೇ ಕೇಳಲಿ.

ಕಾಲೇಜಿಗೆ ಕೊಡುವ ರಿಪೋರ್ಟಿನಲ್ಲಿ ಜಿಎಸ್‌ಟಿಯ ಇತಿಹಾಸ ಕಾಪಿ ಹೊಡೆಯಬೇಡಿ, ಅದು 2017ರ ಜುಲೈ 1ಕ್ಕೆ ಬಂತು ಅಂತ ನಿಮ್ಮ ಲೆಕ್ಚರರ್‌ಗೆ ಗೊತ್ತು. ದಿನಾ ಸಂಜೆ ಮಾಡಿದ ಕೆಲಸವನ್ನು ಎರಡು ಸಾಲು ಬರೆದಿಡಿ, ಕ್ಲೈಂಟಿನ ಹೆಸರು ಬೇಡ. ಕೊನೆಯ ವಾರ ಆ ಪುಸ್ತಕ ತೋರಿಸಿ, ಸರ್ಟಿಫಿಕೇಟ್‌ನಲ್ಲಿ ಸುಮ್ನೆ "ತೃಪ್ತಿಕರ" ಅಂತ ಬರೆಯುವ ಬದಲು ನೀವು ಮಾಡಿದ ಕೆಲಸದ ಹೆಸರು ಹಾಕಿಸಿಕೊಳ್ಳಿ. ಡ್ರಾಫ್ಟ್ ನೀವೇ ಟೈಪ್ ಮಾಡಿ ತಂದರೆ ಇನ್ನೂ ಒಳ್ಳೆಯದು, ನಾವು ನೋಡಿ ಸಹಿ ಹಾಕುತ್ತೇವೆ.