ಆ ತತ್ತಿ ಯಾರ ಪಾಲಿನದು?

ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಮಧ್ಯಾಹ್ನ ಹನ್ನೆರಡೂವರೆ. ಅಂಗನವಾಡಿಯ ಗೋಡೆಗೆ ಒರಗಿ ನಾಲ್ಕು ಜನ ಬಸುರಿಯರು ಊಟಕ್ಕೆ ಕೂತಿದ್ದರು. ಅನ್ನ, ಬೇಳೆ ಸಾರು, ಸೊಪ್ಪಿನ ಪಲ್ಯ, ಒಂದು ಬೇಯಿಸಿದ ತತ್ತಿ. ಅವರಲ್ಲಿ ಏಳು ತಿಂಗಳು ತುಂಬಿದ ಒಬ್ಬಳು ಅನ್ನವನ್ನೆಲ್ಲ ಉಂಡಳು. ತತ್ತಿಯನ್ನು ಮಾತ್ರ ಮೆಲ್ಲಗೆ ಸೆರಗಿನ ಚುಂಗಿಗೆ ಕಟ್ಟಿಕೊಳ್ಳತೊಡಗಿದಳು.

"ಯಾಕವ್ವ, ತಿನ್ನಂಗಿಲ್ಲೇನು?" ಅಂತ ಅಂಗನವಾಡಿ ಅಕ್ಕೋರು ಕೇಳಿದರು.

"ಮನ್ಯಾಗ ದೊಡ್ಡ ಹುಡುಗಿ ಅದಾಳ್ರಿ ಅಕ್ಕೋರ. ಅಕಿಗೆ ಒಯ್ತೀನ್ರಿ."

"ಅಕಿಗೆ ಸಾಲ್ಯಾಗ ಕೊಡ್ತಾರ. ಇದು ನಿಂದು. ಇಲ್ಲೇ ತಿನ್ನು."

ಅಕ್ಕೋರು ತಾವೇ ತತ್ತಿ ಸುಲಿದರು. ಚಿಟಿಕೆ ಉಪ್ಪು ಉದುರಿಸಿ ಅವಳ ಅಂಗೈಗಿಟ್ಟರು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಳು. ಆಮೇಲೆ ತಿಂದಳು.

ಆ ತಾಯಿಯ ಕರುಳು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಕ್ಕೋರು ಮಾಡಿದ್ದೇ ಸರಿ. ಯಾಕೆ ಅನ್ನುವುದು ಅವಳ ಮೈಯೊಳಗೆ ನಡೆಯುತ್ತಿರುವ ಕೆಲಸ ನೋಡಿದರೆ ತಿಳಿಯುತ್ತದೆ.

ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣವೇ ಮೊದಲಿಗಿಂತ ಸುಮಾರು 40ರಿಂದ 50 ಶೇಕಡಾ ಹೆಚ್ಚುತ್ತದೆ. ಆ ಹೊಸ ರಕ್ತಕ್ಕೆ, ಕೂಸಿಗೆ, ಮಾಸಿಗೆ, ಹೆರಿಗೆಯಲ್ಲಿ ಹೋಗುವ ರಕ್ತಕ್ಕೆ ಎಲ್ಲ ಸೇರಿ ಒಂದು ಗ್ರಾಂನಷ್ಟು ಕಬ್ಬಿಣದ ಅಂಶ ಬೇಕು. ಒಂದು ಗ್ರಾಂ ಅಂದರೆ ಚಿಟಿಕೆಯಷ್ಟೂ ಅಲ್ಲ ಅನ್ನಿಸಬಹುದು. ಆದರೆ ನಮ್ಮ ಜೋಳ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದಲ್ಲಿ ಹತ್ತಕ್ಕೆ ಒಂದು ಪಾಲು ಮೈಗೆ ಹತ್ತಿದರೆ ಹೆಚ್ಚು. ಕಾಳುಗಳಲ್ಲಿರುವ ಫೈಟೇಟ್ ಅನ್ನುವ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಸುಲಭವಾಗಿ ಬಿಡುವುದಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರಂತೂ ಇನ್ನೂ ಕಡಿಮೆ. ಅದೇ ಊಟಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿ ನೋಡಿ, ಅದರ ವಿಟಮಿನ್ ಸಿ ಆ ಬಿಗಿಯನ್ನು ಸಡಿಲ ಮಾಡುತ್ತದೆ. ಇಷ್ಟು ಸುಲಭದ ವಿಷಯ ನಮ್ಮ ಎಷ್ಟೋ ಮನೆಗಳಿಗೆ ಇನ್ನೂ ಮುಟ್ಟಿಲ್ಲ ಅನ್ನುವುದೇ ನನಗೆ ನೋವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಶೇಕಡಾ 45.7 ಜನರಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5.

ಕೆಂಪು ಗುಳಿಗೆ ಕೊಡುತ್ತಾರಲ್ಲ, ಅದು ಸಾಲದಾ ಅಂತ ಕೇಳುವವರಿದ್ದಾರೆ. ಗುಳಿಗೆ ಬೇಕೇ ಬೇಕು, ಬಿಡಬಾರದು. ಆದರೆ ಆ ಗುಳಿಗೆಯಲ್ಲಿರುವ ಕಬ್ಬಿಣ ಮತ್ತು ಫೋಲೇಟ್ ಎಂಬ ವಿಟಮಿನ್‌ನಿಂದಷ್ಟೇ ರಕ್ತ ಆಗುವುದಿಲ್ಲ. ಪ್ರೋಟೀನ್ ಬೇಕು, ವಿಟಮಿನ್ ಬಿ12 ಬೇಕು.

ಪ್ರೋಟೀನಿನ ಮಾತು ಬಂತು, ನಮ್ಮ ಜೋಳದ ರೊಟ್ಟಿಯ ಬಗ್ಗೆ ಹೇಳಲೇಬೇಕು. ರೊಟ್ಟಿಯಲ್ಲಿ ಪ್ರೋಟೀನ್ ಇದೆ, ಒಳ್ಳೆಯದೇ ಇದೆ. ಆದರೆ ಪ್ರೋಟೀನ್ ಅನ್ನುವುದು ಅಮೈನೋ ಆಮ್ಲ ಎಂಬ ಹಲವು ಬಗೆಯ ಎಳೆಗಳಿಂದ ಆದದ್ದು. ಜೋಳದಲ್ಲಿ ಲೈಸೀನ್ ಅನ್ನುವ ಎಳೆ ಕಡಿಮೆ. ಇಳಕಲ್ ಸೀರೆ ನೇಯುವಾಗ ಸೆರಗಿನ ಕೆಂಪು ನೂಲು ತೀರಿಹೋದರೆ, ಬಾಕಿ ನೂಲು ರಾಶಿ ಬಿದ್ದಿದ್ದರೂ ಮಗ್ಗ ನಿಲ್ಲುತ್ತದೆ. ಕೂಸಿನ ಮೈ ನೇಯುವ ಕೆಲಸವೂ ಹಾಗೇ. ಬೇಳೆಯಲ್ಲಿ ಲೈಸೀನ್ ಹೇರಳವಾಗಿದೆ. ರೊಟ್ಟಿಯ ಜೊತೆ ಹೆಸರುಕಾಳು, ತೊಗರಿಬೇಳೆ ಮಾಡುವ ನಮ್ಮ ಹಿರಿಯರ ರೂಢಿ ಸುಮ್ನೆ ಬಂದದ್ದಲ್ಲ. ಆದರೆ ಬೇಳೆಯ ರೇಟು ಏರಿದಾಗ ಸಾರು ತೆಳ್ಳಗಾಗುತ್ತದೆ. ರೊಟ್ಟಿಗೆ ಬರೀ ಖಾರದ ಪುಡಿ ಎಣ್ಣೆ ಆಗುತ್ತದೆ. ತತ್ತಿಯ ಬೆಲೆ ಗೊತ್ತಾಗುವುದು ಇಲ್ಲೇ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಎಲ್ಲ ಎಳೆಗಳೂ ಇವೆ. ಹಳದಿಯಲ್ಲಿ ಬಿ12 ಇದೆ, ಕೂಸಿನ ಮಿದುಳಿಗೆ ಬೇಕಾದ ಕೋಲೀನ್ ಇದೆ. ಶಾಲೆ, ಅಂಗನವಾಡಿಯಲ್ಲಿ ತತ್ತಿ ಕೊಡಬಾರದು ಅನ್ನುವವರಿದ್ದಾರೆ. ತತ್ತಿ ತಿನ್ನದ ಮನೆಯವರು ತಿನ್ನಬೇಕಿಲ್ಲ, ಅವರಿಗೆ ಬೇರೆ ಏರ್ಪಾಡು ಇರಲಿ. ತಿನ್ನುವ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಬೇಡಿ ಅಂತಷ್ಟೇ ನನ್ನ ಕೋರಿಕೆ.

ನಮ್ಮ ಕಡೆ ಇನ್ನೊಂದು ನಂಬಿಕೆ ಇದೆ. ಬಸುರಿ ಜಾಸ್ತಿ ತಿಂದರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತದೆ ಅಂತ. ಹಿಂದೆ ಹೆರಿಗೆಯಲ್ಲಿ ಜೀವ ಹೋಗುವುದನ್ನು ಕಣ್ಣಾರೆ ಕಂಡವರ ಭಯ ಅದು, ಬೈಯುವಂಥದ್ದಲ್ಲ. ಆದರೆ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ನಿಕ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ ನೋಡಿ. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5 ಕಿಲೋ. ಪುಣೆಯ ಕೂಸುಗಳು ಸಣ್ಣವು ನಿಜ, ಆದರೆ ಆ ಸಣ್ಣ ಮೈಯಲ್ಲಿ ಕಡಿಮೆಯಾದದ್ದು ಮಾಂಸಖಂಡ ಮತ್ತು ಹೊಟ್ಟೆಯೊಳಗಿನ ಅಂಗಗಳು. ಕೊಬ್ಬು ಅಷ್ಟಾಗಿ ಕಡಿಮೆ ಆಗಿರಲಿಲ್ಲ. ಇಂಥ ಮೈ ಮುಂದೆ ಸಕ್ಕರೆ ಕಾಯಿಲೆಗೆ ಬೇಗ ತುತ್ತಾಗುತ್ತದೆ. ಅದೇ ಅಧ್ಯಯನದಲ್ಲಿ ಹಸಿರು ಸೊಪ್ಪು, ಹಣ್ಣು, ಹಾಲನ್ನು ಹೆಚ್ಚು ತಿಂದ ತಾಯಂದಿರ ಕೂಸುಗಳು ಮೈ ತುಂಬಿಕೊಂಡು ಹುಟ್ಟಿದ್ದವು. ಅಂದರೆ ಹೊಟ್ಟೆ ಕಟ್ಟಿದರೆ ಹೆರಿಗೆ ಸಲೀಸಾಗುವುದಿಲ್ಲ, ಕೂಸು ಸೊರಗುತ್ತದೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಸಂಗತಿ. ಹೆಣ್ಣು ಕೂಸು ಹೊಟ್ಟೆಯಲ್ಲಿ ಐದು ತಿಂಗಳಾಗುವ ಹೊತ್ತಿಗೆ ಅದರ ಅಂಡಾಶಯದಲ್ಲಿ 60-70 ಲಕ್ಷ ಅಂಡಗಳು ರೂಪುಗೊಂಡಿರುತ್ತವೆ. ಮುಂದೆ ಅವುಗಳ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಮುಂದೊಂದು ದಿನ ಮೊಮ್ಮಗುವಾಗುವ ಅಂಡ ಇವತ್ತೇ ಅಲ್ಲಿ ಇದೆ! ಅಂಗನವಾಡಿಯಲ್ಲಿ ಕೂತು ಉಣ್ಣುವ ಒಬ್ಬ ಬಸುರಿಯ ಮೈಯಲ್ಲಿ ಮೂರು ತಲೆಮಾರು ಇರಬಹುದು.

ಅವತ್ತು ಆ ಹೆಣ್ಣುಮಗಳ ಹತ್ತಿರ ಮಾತಾಡುತ್ತಾ ಕೂತೆ. "ನಾ ಎರಡನೇತ್ತೆ ಇದ್ದಾಗ ಸಾಲ್ಯಾಗ ಊಟ ಚಾಲು ಆತ್ರಿ," ಅಂದಳು. ನಾನು ಬೆರಳೆಣಿಸಿದೆ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಅದರಲ್ಲಿದ್ದವು. ಆ ತಟ್ಟೆಯಲ್ಲಿ ಉಂಡ ಹುಡುಗಿಯರೇ ಇವತ್ತಿನ ತಾಯಂದಿರು.

ಅದರಿಂದ ಏನಾಯಿತು? 2021ರಲ್ಲಿ ಸುಮನ್ ಚಕ್ರಬರ್ತಿ ಮತ್ತು ಜೊತೆಗಾರರು ದೇಶದ ದೊಡ್ಡ ಸಮೀಕ್ಷೆಗಳನ್ನು ಜೋಡಿಸಿ ನೋಡಿದರು. ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ, ಅವರ ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತೆ ಇತರರ ಮಕ್ಕಳಿಗಿಂತ ಚೆನ್ನಾಗಿತ್ತು. ಬಡ ಮನೆಗಳಲ್ಲಿ ಈ ಲಾಭ ಇನ್ನೂ ಹೆಚ್ಚು. ಬರೀ ಅನ್ನ ಸಾರಿನ ಮಹಿಮೆ ಅಲ್ಲ ಇದು. ಊಟ ಇದ್ದದ್ದಕ್ಕೆ ಹುಡುಗಿಯರು ಹೆಚ್ಚು ದಿನ ಶಾಲೆಯಲ್ಲಿ ಉಳಿದರು. ಮೊದಲ ಹೆರಿಗೆ ತಡವಾಯಿತು.

ದೂರದ ಗ್ವಾಟೆಮಾಲಾದಲ್ಲಿ 1969ರಿಂದ 1977ರವರೆಗೆ ಎರಡು ಹಳ್ಳಿಗಳ ಮಕ್ಕಳಿಗೆ ಪ್ರೋಟೀನ್ ಇರುವ ಗಂಜಿ, ಇನ್ನೆರಡು ಹಳ್ಳಿಗಳವರಿಗೆ ಬರೀ ಸಿಹಿ ಪಾನಕ ಕೊಟ್ಟಿದ್ದರು. ಹುಟ್ಟಿನಿಂದ ಎರಡು ವರ್ಷದೊಳಗೆ ಗಂಜಿ ಕುಡಿದ ಗಂಡುಮಕ್ಕಳು ದೊಡ್ಡವರಾದಾಗ ಗಂಟೆಗೆ ಗಳಿಸುವ ಕೂಲಿ ಶೇಕಡಾ 46 ಹೆಚ್ಚಿತ್ತು. ಬಿಟ್ಟಿ ಊಟ ಅಂತ ಮೂಗು ಮುರಿಯುವವರು ಈ ಅಂಕಿಯನ್ನು ಒಮ್ಮೆ ನೆನೆಯಬೇಕು. ಅಷ್ಟಕ್ಕೂ ಇದು ಬಿಟ್ಟಿ ಅಲ್ಲ, ಹಕ್ಕು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದಾಗಲೇ ಬಸುರಿ ಬಾಣಂತಿಯರಿಗೆ ದಿನಕ್ಕೆ 600 ಕಿಲೋಕ್ಯಾಲರಿ, 18-20 ಗ್ರಾಂ ಪ್ರೋಟೀನ್ ಇರುವ ಊಟ ಕೊಡಬೇಕು ಅಂತ ಹೇಳಿತ್ತು. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಹೆಸರಿನಲ್ಲಿ ಅದು ಬಿಸಿ ಊಟವಾಗಿ ಬಂತು.

ಅಂಗನವಾಡಿಗೇ ಬಂದು ಉಣ್ಣಬೇಕು ಅನ್ನುವುದಕ್ಕೆ ಮಾತ್ರ ತಕರಾರು ಇದೆ. ಅದರಲ್ಲಿ ನ್ಯಾಯವೂ ಇದೆ. ಕೂಲಿಗೆ ಹೋದವಳು ಮಧ್ಯಾಹ್ನ ಹೊಲದಿಂದ ಹೇಗೆ ಬರಬೇಕು? ಒಂಬತ್ತು ತಿಂಗಳಲ್ಲಿ ನಮ್ಮ ಮೇ ತಿಂಗಳ ಬಿಸಿಲಲ್ಲಿ ಒಂದು ಕಿಲೋಮೀಟರ್ ನಡೆಯುವುದಾ? ಗುಳೆ ಹೋದವಳ ಪಾಲಂತೂ ಇಲ್ಲೇ ಉಳಿಯುತ್ತದೆ. ಇಂಥವರಿಗೆ ಡಬ್ಬಿಯಲ್ಲಿ ಊಟ ಮನೆಗೇ, ಹೊಲಕ್ಕೇ ಮುಟ್ಟಬೇಕು, ಗುಳೆ ಹೋದ ಊರಲ್ಲೂ ಸಿಗಬೇಕು. ಆದರೆ ಬರಲು ಆಗುವವರು ಕೂತು ಉಣ್ಣುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಮನೆಗೆ ಹೋದ ರೇಷನ್ ಐದಾರು ಪಾಲಾಗುತ್ತದೆ. ಸೊಸೆಗೆ ಕೊನೆಯ ಪಾಲು. ಸೆರಗಿಗೆ ಹೋಗುತ್ತಿದ್ದ ಆ ತತ್ತಿ ನೋಡಿದಿರಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ದಾಸೋಹಕ್ಕೆ ಬರುತ್ತವೆ. ಯಾರೂ ಕೇಳಿ ಕೊಟ್ಟದ್ದಲ್ಲ, ಟ್ರ್ಯಾಕ್ಟರ್ ತುಂಬಿಕೊಂಡು ತಾವೇ ಬರುತ್ತಾರೆ. ಇಂಥ ನಾಡಿನಲ್ಲಿ ಅಂಗನವಾಡಿಯ ಹಿತ್ತಲಿಗೆ ಎರಡು ನುಗ್ಗೆ ಗಿಡ, ವಾರಕ್ಕೊಂದು ಬುಟ್ಟಿ ಕಾಯಿಪಲ್ಯೆ ಹೆಚ್ಚೇನಲ್ಲ ಅಲ್ವಾ?

ಅವತ್ತು ಸಂಜೆ ಆ ಹೆಣ್ಣುಮಗಳ ಮನೆಗೂ ಹೋದೆ. ಅವಳ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. "ನಾವೇನ್ ತಿಂದಿದ್ವಿ? ಹಡದಿಲ್ಲೇನು?" ಅಂದರು. ಎಷ್ಟು ಹೆತ್ತಿರಿ ಅಂತ ಕೇಳಿದೆ. ಏಳು ಅಂದರು. ಉಳಿದದ್ದು ನಾಲ್ಕು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಬ್ಬಿಣದ ಮಾತು, ನಿಂಬೆಹಣ್ಣಿನ ಮಾತು ಹೇಳಿ ಎದ್ದು ಬಂದೆ.

ಹದಿನೈದು ದಿನ ಬಿಟ್ಟು ಅಕ್ಕೋರು ಫೋನಿನಲ್ಲಿ ಸಿಕ್ಕರು. ಅತ್ತೆ ತಮ್ಮ ಹಿತ್ತಲಿನ ನಿಂಬೆಹಣ್ಣನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಅಂಗನವಾಡಿಗೆ ಸುರಿದು ಹೋಗಿದ್ದರಂತೆ. "ನಾಲ್ಕೂ ಮಂದಿ ಬಸುರ್ಯಾರಿಗೆ ಒಂದೊಂದು ಹೋಳು ಹಿಂಡ್ರಿ" ಅಂತ ಹೇಳಿ.